ಕರುಳಿಗೊಬ್ಬ ಕೂಲಿಯಾಳು

ಎರಡನೇ ಕೀಮೋ ಮುಗಿಸಿ ಮನೆಗೆ ಬಂದ ಐದನೇ ದಿನ ಚಿಕ್ಕಮ್ಮನ ಹೊಟ್ಟೆ ಕೆಟ್ಟಿತು. ಮದುವೆ ಊಟದ ಮರುದಿನ ನಾವೆಲ್ಲ ಹೇಳಿಕೊಳ್ಳುತ್ತೇವಲ್ಲ, ಆ ಥರದ್ದಲ್ಲ. ಬೆಳಗ್ಗೆ ಶುರುವಾಗಿದ್ದು ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಸಲ ಆಗಿತ್ತು. ಲೋಪರಮೈಡ್ ಮಾತ್ರೆ, ಓಆರ್‌ಎಸ್, ಗಂಜಿ ತಿಳಿ ಯಾವುದಕ್ಕೂ ಬಗ್ಗಲಿಲ್ಲ. ರಾತ್ರಿ ಆಸ್ಪತ್ರೆಗೆ ಕರೆದೊಯ್ದು ಡ್ರಿಪ್ ಹಾಕಿಸಬೇಕಾಯಿತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಅವಳಿಗೆ ಕೊಡುತ್ತಿದ್ದ ಔಷಧಗಳಲ್ಲಿ ಒಂದರ ಹೆಸರು ಇರಿನೊಟೆಕಾನ್.

ಮುಂದಿನ ಸಲ ಹೋದಾಗ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಒಂದ್ಲೋಟ ಮಜ್ಜಿಗೆನೂ ಕುಡೀಬಾರ್ದಾ ಡಾಕ್ಟ್ರೇ?"

"ಕೌಂಟ್ ಮೇಲೆ ಬರೋವರೆಗೂ ಬೇಡಮ್ಮ. ಮನೇಲಿ ಹೆಪ್ಪು ಹಾಕಿದ ಮೊಸರಲ್ಲಿ ಬದುಕಿರೋ ಬ್ಯಾಕ್ಟೀರಿಯ ಇರತ್ತೆ. ನಿಮಗೀಗ ತಡ್ಕೊಳ್ಳೋ ಶಕ್ತಿ ಕಮ್ಮಿ."

ಹೊರಗೆ ಬಂದ ಚಿಕ್ಕಮ್ಮ ಗೊಣಗಿದಳು: "ಹೊಟ್ಟೆ ಕೆಟ್ಟಾಗ ಮಜ್ಜಿಗೆ ಬೇಡ ಅನ್ನೋ ಡಾಕ್ಟ್ರನ್ನ ಈ ಜನ್ಮದಲ್ಲಿ ನೋಡಿದ್ದು ಇವರೊಬ್ಬರನ್ನೇ."

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಆ ಭೇದಿಯ ಜಾಡು ಹಿಡಿದು ಓದುತ್ತಾ ಹೋದ ಹಾಗೆ ಗೊತ್ತಾಯಿತು, ಚಿಕ್ಕಮ್ಮನ ಕರುಳನ್ನು ಸುಟ್ಟದ್ದು ಔಷಧವೊಂದೇ ಅಲ್ಲ. ಅವಳದೇ ಹೊಟ್ಟೆಯ ಬ್ಯಾಕ್ಟೀರಿಯಗಳೂ ಅದಕ್ಕೆ ಕೈ ಜೋಡಿಸಿದ್ದವು. ಈಗ ಕೆಲವು ಪ್ರಯೋಗಾಲಯಗಳಲ್ಲಿ ಅದೇ ಕುಲದ ಜೀವಿಗಳಿಗೆ ಹೊಸ ಕೆಲಸ ಕಲಿಸಿ, ಕೀಮೋದ ಉರಿ ಆರಿಸಲು ಕಳಿಸುವ ಯತ್ನ ನಡೆಯುತ್ತಿದೆ.

ಇರಿನೊಟೆಕಾನ್‌ನ ಮೂಲ ಒಂದು ಮರ. 1966ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾನಿ ಚೀನಾ ಮೂಲದ ಮರವೊಂದರ ಕಾಂಡದಿಂದ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ ಅದರ ರಚನೆ ಹೇಳಿದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ಮರವೊಂದರಲ್ಲಿ ಕಂಡರು. ಕನ್ನಡದಲ್ಲಿ ಅದಕ್ಕೆ ದುರ್ವಾಸನೆ ಮರ ಎಂದೇ ಹೆಸರು. ಹೂ ಬಿಟ್ಟ ಕಾಲದಲ್ಲಿ ಪಕ್ಕದಲ್ಲಿ ಹಾದವರಿಗೆ ಕಾರಣ ಹೇಳಬೇಕಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಈ ಮರದ ಬೆನ್ನು ಹತ್ತಿದರು. ಇದೇ ಕುಟುಂಬದ ಮರದೊಳಗೆ ಬೀಡುಬಿಟ್ಟ ಶಿಲೀಂಧ್ರವೂ ಕ್ಯಾಂಪ್ಟೋಥೆಸಿನ್ ತಯಾರಿಸಬಲ್ಲದು ಎಂದು ತೋರಿಸಿದ ಕೆಲಸವೂ ಅವರದೇ. ಅಂದರೆ ಈ ಔಷಧಕ್ಕೂ ಸೂಕ್ಷ್ಮಜೀವಿಗಳಿಗೂ ಕಾಡಿನಲ್ಲಿದ್ದಾಗಲೇ ನಂಟು.

ಹಸಿ ಕ್ಯಾಂಪ್ಟೋಥೆಸಿನ್ ರೋಗಿಗಳಿಗೆ ಒಗ್ಗಲಿಲ್ಲ. 1970ರ ದಶಕದ ಪ್ರಯೋಗಗಳನ್ನು ಭೇದಿ ಮತ್ತು ಮೂತ್ರಕೋಶದ ರಕ್ತಸ್ರಾವದ ಕಾರಣಕ್ಕೆ ಕೈಬಿಟ್ಟರು. ಅದನ್ನು ತಿದ್ದಿ, ನೀರಿನಲ್ಲಿ ಕರಗುವಂತೆ ಮಾಡಿ, ಇರಿನೊಟೆಕಾನ್ ಎಂಬ ರೂಪ ಕೊಟ್ಟದ್ದು 1983ರಲ್ಲಿ ಜಪಾನ್‌ನ ಒಂದು ಕಂಪನಿ. ಅಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆ ಕಂಪನಿಯ ಹೆಸರು ಯಾಕುಲ್ಟ್. ಹೌದು, ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ ಐದೈದರ ಕಟ್ಟಾಗಿ ಕೂತಿರುವ, ಹೊಟ್ಟೆಗೆ ಒಳ್ಳೆಯದೆಂದು ಮಕ್ಕಳಿಗೆ ಕುಡಿಸುವ ಆ ಪುಟ್ಟ ಬಾಟಲಿಯ ಯಾಕುಲ್ಟ್. 1935ರಿಂದ ಬ್ಯಾಕ್ಟೀರಿಯ ಮಾರಿ ಬದುಕಿದ ಕಂಪನಿ ಮಾಡಿದ ಔಷಧಕ್ಕೆ ಕರುಳಿನ ಬ್ಯಾಕ್ಟೀರಿಯವೇ ಅಡ್ಡಗಾಲಾಯಿತು. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ನಂಬಲಾಗದು ಎಂದು ವಾಪಸು ಕಳಿಸುತ್ತಿದ್ದರು.

ಅಡ್ಡಗಾಲು ಬಿದ್ದದ್ದು ಹೀಗೆ. ರಕ್ತಕ್ಕೆ ಸೇರಿದ ಇರಿನೊಟೆಕಾನ್ ಅರ್ಧ ನಿದ್ದೆಯಲ್ಲಿರುವ ಔಷಧ. ಯಕೃತ್ತಿನಲ್ಲಿ ಅದರ ಒಂದು ಭಾಗ ಕಳಚಿ ಎಸ್‌ಎನ್-38 ಎಂಬ ಉಗ್ರ ರೂಪ ಬರುತ್ತದೆ. ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎ ಎಳೆಗಳ ತಿರುಚನ್ನು ಬಿಡಿಸಬೇಕು. ಒಂದು ಕಿಣ್ವ ಎಳೆಯನ್ನು ಒಂದೆಡೆ ಕತ್ತರಿಸಿ, ಸಡಿಲಿಸಿ, ಮತ್ತೆ ಗಂಟು ಹಾಕುತ್ತದೆ. ಎಸ್‌ಎನ್-38 ಆ ಗಂಟು ಬೀಳಲು ಬಿಡುವುದಿಲ್ಲ, ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶ ಬೇಗ ಬೇಗ ಒಡೆಯುವುದರಿಂದ ಬೇಗ ಸಾಯುತ್ತದೆ. ಕರುಳಿನ ಒಳಪದರವೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಅಂಗಾಂಶ, ಹಾಗಾಗಿ ಅದಕ್ಕೂ ಪೆಟ್ಟು.

ಯಕೃತ್ತು ಇದನ್ನು ನೋಡಿಕೊಂಡು ಸುಮ್ಮನಿರುವುದಿಲ್ಲ. ಎಸ್‌ಎನ್-38ಕ್ಕೆ ಸಕ್ಕರೆಯ ಜಾತಿಯ ಒಂದು ತುಣುಕನ್ನು ಮುಚ್ಚಳದಂತೆ ಅಂಟಿಸಿ, ವಿಷ ಇಳಿಸಿ, ಪಿತ್ತರಸದ ಜೊತೆ ಕರುಳಿಗೆ ಸಾಗಹಾಕುತ್ತದೆ. ಮುಚ್ಚಳ ಹಾಕಿದ ಪಾತ್ರೆ ಹಾಗೇ ಹೊರಗೆ ಹೋಗಿದ್ದರೆ ಯಾವ ರಗಳೆಯೂ ಇರಲಿಲ್ಲ. ಆದರೆ ಮುಚ್ಚಳ ಸಿಹಿ. ಕೆಳಗಿನ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಗಳು ಹಸಿದು ಕೂತಿವೆ. ಬೀಟಾ-ಗ್ಲುಕ್ಯುರಾನಿಡೇಸ್ ಎಂಬ ಕಿಣ್ವದಿಂದ ಅವು ಮುಚ್ಚಳ ಕಿತ್ತು ತಿನ್ನುತ್ತವೆ, ಪಾತ್ರೆಯನ್ನು ಅಲ್ಲೇ ಚೆಲ್ಲುತ್ತವೆ. ವಿಷ ಮತ್ತೆ ವಿಷವಾಗುತ್ತದೆ, ಈ ಸಲ ಕರುಳಿನ ಗೋಡೆಯ ಪಕ್ಕದಲ್ಲೇ. ಔಷಧ ಕೊಟ್ಟ ದಿನವೇ ಬರುವ ಭೇದಿ ಬೇರೆ, ಅದು ನರಗಳ ಆಟ, ಅಟ್ರೊಪಿನ್ ಚುಚ್ಚಿದರೆ ನಿಲ್ಲುತ್ತದೆ. ದಿನಗಳು ಕಳೆದು ಬರುವುದು ಈ ಮುಚ್ಚಳದ್ದು. ಬ್ಯಾಕ್ಟೀರಿಯಕ್ಕೆ ನಮ್ಮ ಮೇಲೆ ದ್ವೇಷವೇನಿಲ್ಲ. ಅದಕ್ಕೆ ಊಟ ಬೇಕಿತ್ತು, ಅಷ್ಟೆ.

ಹಾಗಾದರೆ ಆಂಟಿಬಯೋಟಿಕ್ ಕೊಟ್ಟು ಎಲ್ಲವನ್ನೂ ಕೊಂದುಬಿಡೋಣ ಅನ್ನಿಸುವುದು ಸಹಜ. 1990ರ ದಶಕದಲ್ಲಿ ಇಲಿಗಳ ಮೇಲೆ ಹಾಗೆ ಮಾಡಿ ನೋಡಿದಾಗ ಭೇದಿ ಕಡಿಮೆಯಾಗಿದ್ದೂ ಹೌದು. ಆದರೆ ಬಿಳಿ ರಕ್ತಕಣ ಇಳಿದು ಕೂತ ಮನುಷ್ಯನ ಕರುಳನ್ನು ಬೋಳು ಮಾಡುವುದೆಂದರೆ, ಹಿತ್ತಲಲ್ಲಿ ಒಂದು ಹಾವಿದೆ ಎಂದು ಹಿತ್ತಲನ್ನೇ ಸುಟ್ಟ ಹಾಗೆ. ಖಾಲಿ ಜಾಗಕ್ಕೆ ಮೊದಲು ಬರುವುದು ಕಳೆಯೇ. ರಕ್ತದ ಕ್ಯಾನ್ಸರ್‌ಗೆ ಅಸ್ಥಿಮಜ್ಜೆಯ ಕಾಂಡಕೋಶ ಕಸಿ ಮಾಡಿಸಿಕೊಂಡ 1,362 ರೋಗಿಗಳನ್ನು ನ್ಯೂಯಾರ್ಕ್, ಡರ್ಹಮ್, ಜರ್ಮನಿಯ ರೇಗನ್ಸ್‌ಬರ್ಗ್ ಮತ್ತು ಜಪಾನ್‌ನ ಸಪ್ಪೊರೊಗಳಲ್ಲಿ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕಸಿಯ ಹೊತ್ತಿಗೆ ಕರುಳಿನ ಬ್ಯಾಕ್ಟೀರಿಯಗಳಲ್ಲಿ ವೈವಿಧ್ಯ ಉಳಿದಿದ್ದವರಿಗಿಂತ ಅದು ಕುಸಿದಿದ್ದವರಲ್ಲಿ ಸಾವು ಹೆಚ್ಚಿತ್ತು.

ಚಾಣಾಕ್ಷ ದಾರಿಯೊಂದು 2010ರಲ್ಲಿ ಕಂಡಿತು. ವಾಲ್ ಮತ್ತು ವಾನಿ ಕೆಲಸ ಮಾಡಿದ ನಾರ್ತ್ ಕೆರೊಲಿನಾದಲ್ಲೇ, ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ರೆಡಿನ್ಬೊ ತಂಡ ಬ್ಯಾಕ್ಟೀರಿಯದ ಆ ಕಿಣ್ವದ ಬಾಯಿಯಲ್ಲಿ ಒಂದು ಮಡಿಕೆಯನ್ನು ಗುರುತಿಸಿತು. ನಮ್ಮ ಜೀವಕೋಶಗಳಲ್ಲಿರುವ ಅದೇ ಜಾತಿಯ ಕಿಣ್ವಕ್ಕೆ ಆ ಮಡಿಕೆ ಇಲ್ಲ. ಅಲ್ಲಿ ಮಾತ್ರ ಸಿಕ್ಕಿಕೊಳ್ಳುವ ಪುಟ್ಟ ಅಣುಗಳನ್ನು ಕೊಟ್ಟಾಗ ಇಲಿಗಳು ಭೇದಿಯಿಂದ ಪಾರಾದವು, ಬ್ಯಾಕ್ಟೀರಿಯ ಸಾಯಲಿಲ್ಲ. ಕೊಲ್ಲದೆ ಬಾಯಿ ಕಟ್ಟುವುದು ಸಾಧ್ಯ ಎಂದಾಯಿತು.

ಈ ಕ್ಷೇತ್ರದವರು ಹೆಜ್ಜೆ ಇಡುವ ಮುನ್ನ ಅಳುಕುವುದಕ್ಕೆ ಇನ್ನೊಂದು ಜಪಾನೀ ನೆನಪಿದೆ. 1993ರಲ್ಲಿ ಸರ್ಪಸುತ್ತಿಗೆಂದು ಸೊರಿವುಡಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ಕ್ಯಾನ್ಸರ್‌ಗೆ 5-ಎಫ್‌ಯು ಬಳಗದ ಔಷಧ ನುಂಗುತ್ತಿದ್ದ ಕೆಲವರಿಗೆ ಸರ್ಪಸುತ್ತೂ ಆಗಿತ್ತು, ಅವರಿಗೆ ಎರಡನ್ನೂ ಕೊಟ್ಟರು. ಸುಮಾರು ನಲವತ್ತು ದಿನಗಳಲ್ಲಿ ಕನಿಷ್ಠ 15 ಮಂದಿ ತೀರಿಕೊಂಡರು. ಕರುಳಿನ ಬ್ಯಾಕ್ಟೀರಿಯ ಸೊರಿವುಡಿನ್‌ನ ಒಂದು ತುಂಡನ್ನು ಕಳಚುತ್ತಿದ್ದವು. ಆ ತುಂಡು ಯಕೃತ್ತಿಗೆ ಹೋಗಿ, 5-ಎಫ್‌ಯು ಒಡೆದುಹಾಕುವ ಕಿಣ್ವವನ್ನೇ ಕೆಡಿಸುತ್ತಿತ್ತು. ಹೊರಹೋಗಬೇಕಿದ್ದ ಕೀಮೋ ದೇಹದಲ್ಲೇ ಉಳಿದು ಏರುತ್ತಾ ಹೋಯಿತು. ಔಷಧದ ಚೀಟಿಯಲ್ಲಿ ಎರಡು ಹೆಸರಿದ್ದವು, ಬರೆಯದ ಮೂರನೆಯದು ರೋಗಿಯ ಹೊಟ್ಟೆಯೊಳಗಿತ್ತು.

ಇದೇ 5-ಎಫ್‌ಯು ವಿಷಯದಲ್ಲಿ 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪೀಟರ್ ಟರ್ನ್‌ಬಾ ತಂಡ ಇನ್ನೊಂದು ಮಗ್ಗುಲು ತೋರಿಸಿತು. ಇ. ಕೋಲಿಯಂಥ ಕರುಳಿನ ಬ್ಯಾಕ್ಟೀರಿಯಗಳಲ್ಲಿ ಈ ಔಷಧವನ್ನು ನಿಷ್ಕ್ರಿಯ ಮಾಡುವ ಜೀನ್ ಜೋಡಿಯೊಂದಿದೆ. ಯಕೃತ್ತು ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಅಂಥ ಬ್ಯಾಕ್ಟೀರಿಯವನ್ನು ಹೊಟ್ಟೆಗೆ ಕಳಿಸಿದರೆ ವಿಷ ಕಡಿಮೆಯಾಗುತ್ತದಲ್ಲ ಎಂದು ಖುಷಿಪಡುವ ಮೊದಲು ಉಳಿದರ್ಧ ಕೇಳಬೇಕು: ಅದೇ ಜೀನಿನ ಬ್ಯಾಕ್ಟೀರಿಯ ಹೊಟ್ಟೆಯಲ್ಲಿದ್ದ ಇಲಿಗಳಲ್ಲಿ ಬಾಯಿಂದ ಕೊಟ್ಟ ಔಷಧ ಗಡ್ಡೆಯ ಮೇಲೂ ಸರಿಯಾಗಿ ನಾಟಲಿಲ್ಲ. ಅಡ್ಡಪರಿಣಾಮ ಕಡಿಮೆ ಮಾಡುವುದಕ್ಕೂ ಚಿಕಿತ್ಸೆಯನ್ನೇ ಕಡಿಮೆ ಮಾಡುವುದಕ್ಕೂ ನಡುವಿನ ಗೆರೆ ಕರುಳಿನ ಗೋಡೆಯಷ್ಟೇ ತೆಳು.

ಆ ಗೋಡೆಯನ್ನು ದಾಟದೆ ಕೆಲಸ ಮಾಡುವ ಜೀವಿ ಬೇಕು. ಬೆಲ್ಜಿಯಂನ ಗೆಂಟ್ ನಗರದಲ್ಲಿ ಲೋಥರ್ ಸ್ಟೈಡ್ಲರ್ ಆರಿಸಿಕೊಂಡದ್ದು ನಮ್ಮ ಹೆಪ್ಪಿನ ಪಾತ್ರೆಯಲ್ಲೂ ಸಿಗುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಅನ್ನು. ಸಾವಿರಾರು ವರ್ಷಗಳಿಂದ ಮನುಷ್ಯರು ಗಿಣ್ಣಿನಲ್ಲಿ, ಮಜ್ಜಿಗೆಯಲ್ಲಿ ತಿಂದು ಅರಗಿಸಿಕೊಂಡ ಸಾಧು ಪ್ರಾಣಿ ಅದು. ಕರುಳಿನಲ್ಲಿ ಮನೆ ಕಟ್ಟುವುದಿಲ್ಲ, ಬಂದ ದಾರಿಯಲ್ಲಿ ಹೊರಟುಬಿಡುತ್ತದೆ. 2000ದಲ್ಲಿ ಅವರು ಉರಿಯೂತ ತಣಿಸುವ ಪ್ರೋಟೀನ್ ಒಂದನ್ನು ಅದರಿಂದ ತಯಾರಿಸಿ ಇಲಿಗಳ ಕರುಳಿನ ಹುಣ್ಣು ಮಾಯುವುದನ್ನು ತೋರಿಸಿದರು. ಮನುಷ್ಯರಿಗೆ ಕೊಡುವ ಪ್ರಶ್ನೆ ಬಂದಾಗ, ಜೀನ್ ತಿದ್ದಿದ ಜೀವಿ ಶೌಚದ ಮೂಲಕ ಚರಂಡಿಗೆ, ಕೆರೆಗೆ, ಹೊಲಕ್ಕೆ ಸೇರಿದರೆ ಏನು ಗತಿ ಎಂದು ಕೇಳುವವರಿದ್ದರು. ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಅದಕ್ಕೆ ಅವರು ಕೊಟ್ಟ ಉತ್ತರ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಡಿಎನ್‌ಎ ಕಟ್ಟಲು ಥೈಮಿಡಿನ್ ಬೇಕೇ ಬೇಕು. ಬ್ಯಾಕ್ಟೀರಿಯ ಅದನ್ನು ತಾನೇ ತಯಾರಿಸಿಕೊಳ್ಳುವ ಜೀನ್ ಅನ್ನು ಕಿತ್ತು, ಅದೇ ಜಾಗದಲ್ಲಿ ಔಷಧದ ಜೀನ್ ಕೂರಿಸಿದರು. ಪ್ರಯೋಗಾಲಯದಲ್ಲಿ ಥೈಮಿಡಿನ್ ಬಡಿಸಿದಷ್ಟು ದಿನ ಅದು ಬೆಳೆಯುತ್ತದೆ. ಹೊರಗೆ ಬಿದ್ದರೆ ಡಿಎನ್‌ಎ ಕಟ್ಟಲಾಗದೆ ಸಾಯುತ್ತದೆ. ಬುತ್ತಿ ಕಟ್ಟಿ ಕೊಟ್ಟು ಕಳಿಸಿದ ಕೂಲಿಯಾಳು ಬುತ್ತಿ ಮುಗಿದ ಮೇಲೆ ಅಲ್ಲಿ ನಿಲ್ಲಲಾರ. ಹೊರಗಿನ ಬೇರೆ ಬ್ಯಾಕ್ಟೀರಿಯದಿಂದ ಥೈಮಿಡಿನ್ ಜೀನ್ ಸಾಲ ತಂದು ಆ ಜಾಗಕ್ಕೆ ಸೇರಿಸಿಕೊಂಡಿತು ಅನ್ನಿ, ಆಗ ಔಷಧದ ಜೀನ್ ಉದುರಿಹೋಗಿ ಅದು ಮತ್ತೆ ಮಾಮೂಲಿ ಮಜ್ಜಿಗೆಯ ಬ್ಯಾಕ್ಟೀರಿಯ. ಥೈಮಿಡಿನ್ ಇಲ್ಲದೆ ಬ್ಯಾಕ್ಟೀರಿಯ ಸಾಯುತ್ತದೆ ಎನ್ನುವುದು 1954ರಷ್ಟು ಹಿಂದೆಯೇ ಗೊತ್ತಿತ್ತು. ಮೂರು ವರ್ಷದ ಬಳಿಕ ಬಂದ 5-ಎಫ್‌ಯು ಕ್ಯಾನ್ಸರ್ ಕೋಶವನ್ನು ಕೊಲ್ಲುವುದೂ ಬಹುಪಾಲು ಇದೇ ಹಸಿವಿನಿಂದ, ಥೈಮಿಡಿನ್ ತಯಾರಿಕೆಯನ್ನು ತಡೆದು. ಗಡ್ಡೆಗೆ ಹಾಕಿದ ಮುತ್ತಿಗೆಯೇ ಬ್ಯಾಕ್ಟೀರಿಯಕ್ಕೆ ಕಟ್ಟಿದ ಹಗ್ಗ.

ಬ್ಯಾಕ್ಟೀರಿಯವನ್ನು ಹೀಗೆ ಬೇಕೆಂದೇ ನಿಶ್ಶಕ್ತ ಮಾಡುವ ಯೋಚನೆ ಹಳೆಯದು. 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದ ವಿಜ್ಞಾನಿಗಳು ಜೀನ್ ಜೋಡಣೆಗೆ ಕಟ್ಟುಪಾಡು ಹಾಕಿಕೊಂಡ ಮೇಲೆ ರಾಯ್ ಕರ್ಟಿಸ್ ಎಂಬವರು ಒಂದು ಇ. ಕೋಲಿಯನ್ನು ಹದಗೆಡಿಸಿ ಕೊಟ್ಟರು. ಅಮೆರಿಕ ಸ್ವತಂತ್ರವಾದ ವರ್ಷವನ್ನು ನೆನೆದು ಅದಕ್ಕೆ 1776 ಎಂಬ ಅಂಕೆ ಇಟ್ಟರು. ಅದಕ್ಕೂ ಥೈಮಿಡಿನ್ ಹೊರಗಿಂದ ಬೇಕು, ಪಿತ್ತರಸ ಸೋಕಿದರೆ ಸಾವು. ಎಷ್ಟು ಸುರಕ್ಷಿತ ಎಂದರೆ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವುದೇ ಹರಸಾಹಸ. ಸುರಕ್ಷಿತವಾಗಿರುವಷ್ಟು ದುರ್ಬಲ, ಕೆಲಸಕ್ಕೆ ಬರುವಷ್ಟು ಸಬಲ, ಈ ಎರಡರ ನಡುವಿನ ಹದ ಐವತ್ತು ವರ್ಷವಾದರೂ ಸುಲಭವಾಗಿಲ್ಲ.

ಸ್ಟೈಡ್ಲರ್ ದಾರಿಯ ಬ್ಯಾಕ್ಟೀರಿಯ ಕ್ಯಾನ್ಸರ್ ವಾರ್ಡಿಗೂ ಬಂತು, ಕರುಳಿಗಲ್ಲ, ಬಾಯಿಗೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ 'ಕರೆಂಟ್ ಕೊಡಿಸಿದವರ' ಮನೆಯವರನ್ನು ಕೇಳಿ. ಗುಟ್ಕಾ, ಹೊಗೆಸೊಪ್ಪಿನ ಈ ನಾಡಿನಲ್ಲಿ ಅಂಥ ಮನೆ ಹುಡುಕುವುದು ಕಷ್ಟವಲ್ಲ. ಕೀಮೋ, ರೇಡಿಯೇಷನ್ ನಡುವೆ ಬಾಯಿಯ ಒಳಗೆಲ್ಲ ಹುಣ್ಣೆದ್ದು, ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಊಟ ಮೂಗಿನ ನಳಿಗೆಯಲ್ಲಿ. ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದಕ್ಕೇ. ಎಜಿ013 ಎಂದು ಕರೆದ ಬಾಯಿ ಮುಕ್ಕಳಿಸುವ ದ್ರವದಲ್ಲಿ ತಿದ್ದಿದ ಲ್ಯಾಕ್ಟೊಕಾಕಸ್ ಇತ್ತು. ಅದು ಸ್ರವಿಸುತ್ತಿದ್ದುದು ನಮ್ಮ ಜಠರದ ಲೋಳೆಯಲ್ಲೇ ಇರುವ, ಗಾಯ ಮಾಯಿಸುವ ಒಂದು ಪುಟ್ಟ ಪ್ರೋಟೀನನ್ನು. ಬಿಲ್ವಪತ್ರೆಯ ಹಾಗೆ ಮೂರು ಕುಣಿಕೆಗಳಾಗಿ ಮಡಚಿಕೊಂಡ ಈ ಪ್ರೋಟೀನಿಗೆ ವಿಜ್ಞಾನಿಗಳು ಇಟ್ಟ ಹೆಸರೂ ಮೂರೆಲೆಯದೇ. 25 ರೋಗಿಗಳ ಮೊದಲ ಪ್ರಯೋಗದ ವರದಿ 2013ರಲ್ಲಿ ಬಂದಾಗ ಸುದ್ದಿ ಚೆನ್ನಾಗಿತ್ತು. ಬ್ಯಾಕ್ಟೀರಿಯ ಬಾಯಲ್ಲಿತ್ತು, ರಕ್ತದಲ್ಲಿ ಇರಲಿಲ್ಲ. ಹುಣ್ಣಿನ ದಿನಗಳೂ ಕಡಿಮೆಯಾದಂತೆ ಕಂಡಿತು. ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಹುಸಿ ದ್ರವ ಮುಕ್ಕಳಿಸಿದವರಿಗೂ ಇವರಿಗೂ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಕಾಣಲಿಲ್ಲ. ಸುರಕ್ಷಿತ ಹೌದು, ಪ್ರಯೋಜನ ಸಾಲದು.

ಇನ್ನೊಂದು ಗುಂಪು ನೆಚ್ಚಿಕೊಂಡಿರುವುದು ಒಬ್ಬ ಸೈನಿಕನ ಹೊಟ್ಟೆಯಿಂದ ಬಂದ ಜೀವಿಯನ್ನು. ಮೊದಲ ಮಹಾಯುದ್ಧದ ಕಾಲದಲ್ಲಿ ಜೊತೆಯವರೆಲ್ಲ ಆಮಶಂಕೆಯಿಂದ ಮಲಗಿದ್ದಾಗ ಗಟ್ಟಿಯಾಗಿ ಓಡಾಡಿಕೊಂಡಿದ್ದ ಜರ್ಮನ್ ಸೈನಿಕನೊಬ್ಬನ ಮಲದಿಂದ 1917ರಲ್ಲಿ ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯ ಒಂದು ಇ. ಕೋಲಿಯನ್ನು ಬೇರ್ಪಡಿಸಿದ. ಇವತ್ತಿಗೂ ಜರ್ಮನಿಯಲ್ಲಿ ಅದು ಮಾತ್ರೆಯಾಗಿ ಸಿಗುತ್ತದೆ. ಜೀನ್ ತಿದ್ದಲು ಬಗ್ಗುವ ಜೀವಿಯಾದ್ದರಿಂದ ಎಂಜಿನಿಯರಿಂಗ್ ಮಂದಿಗೆ ಇದು ಅಚ್ಚುಮೆಚ್ಚು. ಆದರೆ ಇದರ ಜೀನ್‌ಗಳಲ್ಲಿ ಕೊಲಿಬ್ಯಾಕ್ಟಿನ್ ತಯಾರಿಸುವ ಒಂದು ತುಂಡಿದೆ. ಫ್ರಾನ್ಸಿನ ಟುಲೂಸ್‌ನ ತಂಡ 2006ರಲ್ಲಿ ಬೆಳಕಿಗೆ ತಂದ ಈ ವಸ್ತು ನಮ್ಮ ಡಿಎನ್‌ಎಗೆ ಗಾಯ ಮಾಡುತ್ತದೆ. ಅದು ಬಿಟ್ಟುಹೋದ ಗುರುತು ಮನುಷ್ಯರ ದೊಡ್ಡ ಕರುಳಿನ ಗಡ್ಡೆಗಳಲ್ಲೇ ಸಿಕ್ಕಿದ್ದು 2020ರಲ್ಲಿ. ಕ್ಯಾನ್ಸರ್ ರೋಗಿಗೆ ನೆರವಾಗಲು ಕಳಿಸುವ ಆಳಿನ ಸೊಂಟದಲ್ಲಿ ಚಾಕು! ಕಿತ್ತುಹಾಕಿದರಾಯಿತಲ್ಲ ಎಂದರೆ, ಹಾಗೆ ಕಿತ್ತಾಗ ಅದರ ಒಳ್ಳೆಯ ಗುಣವೂ ಹೋಯಿತೆಂದು ಟುಲೂಸ್‌ನವರೇ 2012ರಲ್ಲಿ ಕಂಡರು. ವಿಷಕ್ಕೂ ಔಷಧಕ್ಕೂ ಒಂದೇ ಕಾರ್ಖಾನೆ. ಕಾರ್ಖಾನೆಯ ಯಾವ ಗಾಲಿಯನ್ನು ಎಷ್ಟು ತಿದ್ದಿದರೆ ಚಾಕು ಮಾತ್ರ ಬೀಳುತ್ತದೆ ಎಂಬುದನ್ನು ಬಿಡಿಸಲು ಅವರಿಗೆ ಮತ್ತೆ ಏಳು ವರ್ಷ ಹಿಡಿಯಿತು.

ನನ್ನ ಮಟ್ಟಿಗೆ ಈಚಿನ ಕೆಲಸಗಳಲ್ಲಿ ಜಾಣತನದ್ದು 2022ರ ಇನ್ನೊಂದು. ಬಾಸ್ಟನ್ ಕಡೆಯ ಆಂಡ್ರೆಸ್ ಕುಬಿಯೊಸ್-ರೂಯಿಸ್ ಮತ್ತು ಜೇಮ್ಸ್ ಕಾಲಿನ್ಸ್ ಮತ್ತೆ ಮಜ್ಜಿಗೆಯ ಲ್ಯಾಕ್ಟೊಕಾಕಸ್‌ಗೇ ಮರಳಿದರು. ಸೋಂಕಿಗೆಂದು ಕೊಡುವ ಆಂಪಿಸಿಲಿನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನೂ ಸವರಿಹಾಕುತ್ತದೆ. ಕರುಳಿಗೆ ಬಂದ ಆಂಪಿಸಿಲಿನ್ ಅನ್ನು ಮಾತ್ರ ಒಡೆಯುವ, ರಕ್ತದಲ್ಲಿರುವುದನ್ನು ಮುಟ್ಟದ ಬ್ಯಾಕ್ಟೀರಿಯ ಅವರ ಗುರಿ. ಔಷಧ ಒಡೆಯುವ ಜೀನ್ ಕೊಡುವುದೆಂದರೆ ಔಷಧಕ್ಕೆ ಬಗ್ಗದ ಶಕ್ತಿ ಕೊಟ್ಟ ಹಾಗೆ, ಅದು ಕೆಟ್ಟ ಬ್ಯಾಕ್ಟೀರಿಯದ ಕೈಗೆ ಸಿಕ್ಕರೆ ಗಂಡಾಂತರ. ಅದಕ್ಕೆ ಅವರು ಕಿಣ್ವವನ್ನು ಎರಡು ತುಂಡು ಮಾಡಿದರು. ಎರಡೂ ತುಂಡುಗಳನ್ನು ಬ್ಯಾಕ್ಟೀರಿಯ ಹೊರಗೆ ಉಗುಳುತ್ತದೆ, ಹೊರಗೆ ಕೂಡಿಕೊಂಡ ಮೇಲೆಯೇ ಅವಕ್ಕೆ ಹಲ್ಲು ಬರುತ್ತದೆ. ಲಾಭ ಊರಿಗೆಲ್ಲ, ತಯಾರಿಸಿದವನಿಗೆ ವಿಶೇಷವೇನಿಲ್ಲ. ಕದ್ದು ಇಟ್ಟುಕೊಳ್ಳಲು ಯಾರಿಗೂ ಆಸೆ ಹುಟ್ಟದ ಆಸ್ತಿ. ಇಲಿಗಳಲ್ಲಿ ಕರುಳಿನ ವೈವಿಧ್ಯ ಉಳಿಯಿತು, ರಕ್ತದಲ್ಲಿ ಆಂಪಿಸಿಲಿನ್ ಮಟ್ಟ ಇಳಿಯಲಿಲ್ಲ. ಕಸಿ ಮಾಡಿಸಿಕೊಂಡ ಆ 1,362 ಮಂದಿಯಂಥವರನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹೋಗಿಬಿಡುವ ಬ್ಯಾಕ್ಟೀರಿಯವನ್ನು ದಿನಾ ಕುಡಿಯಬೇಕು. ನೆಲೆ ನಿಲ್ಲುವುದನ್ನು ಒಮ್ಮೆ ಕುಡಿದರೆ ಸಾಕು, ಆದರೆ ಬೇಡವಾದಾಗ ಹೊರಡಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ನೋವೋಮ್ ಎಂಬ ಕಂಪನಿ ಇದಕ್ಕೆ ಕಡಲಪಾಚಿಯ ದಾರಿ ಹಿಡಿಯಿತು. ಜಪಾನಿಯರು ಸುಶಿಗೆ ಸುತ್ತುವ ಪಾಚಿಯಲ್ಲಿರುವ ಒಂದು ಸಕ್ಕರೆಯನ್ನು ನಮ್ಮ ಕರುಳಿನ ಬಹುತೇಕ ಬ್ಯಾಕ್ಟೀರಿಯಗಳು ಜೀರ್ಣಿಸಲಾರವು. ಅದನ್ನು ತಿಂದೇ ಬದುಕುವ ಹಾಗೆ ಒಂದು ಬ್ಯಾಕ್ಟೀರಿಯವನ್ನು ತಿದ್ದಿ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಒಡೆಯುವ ಕೆಲಸ ವಹಿಸಿದರು. ಪಾಚಿ ಪುಡಿ ತಿಂದಷ್ಟು ದಿನ ಆಳು ಇರುತ್ತಾನೆ, ನಿಲ್ಲಿಸಿದರೆ ಹೊರಡುತ್ತಾನೆ. ಇಲಿಯಲ್ಲಿ ಲೆಕ್ಕ ತಪ್ಪಲಿಲ್ಲ. ಮನುಷ್ಯರ ಮೇಲಿನ ಪ್ರಯೋಗದ ವರದಿ 2025ರಲ್ಲಿ ಬಂತು. ಕೆಲವರ ಕರುಳಿನಲ್ಲಿ ಆ ಬ್ಯಾಕ್ಟೀರಿಯ ಅಕ್ಕಪಕ್ಕದವರೊಂದಿಗೆ ಜೀನ್ ಕೊಡುಕೊಳ್ಳುವಿಕೆ ನಡೆಸಿ, ಪಾಚಿಯ ಹಂಗಿಲ್ಲದೆ ಉಳಿಯುವುದನ್ನು ಕಲಿತಿತ್ತು. ವಹಿಸಿದ ಕೆಲಸವನ್ನು ಮರೆತವೂ ಇದ್ದವು. ಕೂಲಿಗೆ ಬಂದವನು ಊರಲ್ಲೇ ನೆಂಟಸ್ತನ ಬೆಳೆಸಿ, ಕೆಲಸ ಬಿಟ್ಟು ಮನೆ ಮಾಡಿಕೊಂಡು ಕೂತ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ತಂಡಕ್ಕೆ ಒಂದು ನಮಸ್ಕಾರ ಹೇಳಬೇಕು.

ಆರೋಗ್ಯವಂತರ ಹೊಟ್ಟೆಯಲ್ಲಿ ಇದು ಕುತೂಹಲದ ಸಂಗತಿ. ಬಿಳಿ ರಕ್ತಕಣ ನೆಲ ಕಚ್ಚಿದ, ಕರುಳಿನ ಗೋಡೆ ಅಲ್ಲಲ್ಲಿ ಹರಿದ ಕೀಮೋ ರೋಗಿಯಲ್ಲಿ ಹಾಗಲ್ಲ. 2019ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ದಾನಿಯ ಮಲದ ಕ್ಯಾಪ್ಸೂಲ್ ಪಡೆದಿದ್ದ ಇಬ್ಬರಿಗೆ ಔಷಧಕ್ಕೆ ಬಗ್ಗದ ಇ. ಕೋಲಿ ರಕ್ತಕ್ಕೇರಿತು. ಅವರಲ್ಲಿ ಕಾಂಡಕೋಶ ಕಸಿಯಾಗಿದ್ದವರು ಉಳಿಯಲಿಲ್ಲ. ದಾನಿಗೆ ಅದೇ ಬ್ಯಾಕ್ಟೀರಿಯದಿಂದ ಒಂದು ದಿನದ ಜ್ವರವೂ ಬಂದಿರಲಿಲ್ಲ. ಚಿಕ್ಕಮ್ಮನ ಡಾಕ್ಟರು ಮಜ್ಜಿಗೆಗೆ ಬೇಡ ಎಂದದ್ದರ ಹಿಂದೆ ಇದ್ದ ಭಯ ಇಂಥದ್ದೇ. ನಮ್ಮಲ್ಲಿ ಜೀನ್ ತಿದ್ದಿದ ಯಾವುದೇ ಜೀವಿ 1989ರ ಪರಿಸರ ನಿಯಮಗಳ ಸಮಿತಿಗಳನ್ನು ದಾಟಿ ಬರಬೇಕು. ದಾರಿ ಉದ್ದವಿದೆ, ಈ ವಿಷಯದಲ್ಲಿ ಉದ್ದವಿರುವುದೇ ವಾಸಿ.

ಚಿಕ್ಕಮ್ಮನ ಹನ್ನೆರಡು ಕೀಮೋಗಳೂ ಮುಗಿದವು. ಔಷಧದ ಪ್ರಮಾಣ ತುಸು ಇಳಿಸಿದರು, ಮಾತ್ರೆ ಬೇಗ ಶುರು ಮಾಡುವುದನ್ನು ಕಲಿತೆವು, ಇನ್ನೊಮ್ಮೆ ಮಾತ್ರ ಡ್ರಿಪ್ ಬೇಕಾಯಿತು. ಕೊನೆಯ ಬ್ಲಡ್ ಟೆಸ್ಟ್ ನೋಡಿ ಡಾಕ್ಟರು, "ಇನ್ನು ಮನೆ ಮೊಸರು ತಿನ್ನಬಹುದು" ಎಂದಾಗ ಚಿಕ್ಕಮ್ಮನ ಮುಖ ಅರಳಿತು. ಆದರೆ ಆರು ತಿಂಗಳಿಂದ ಮನೆಯಲ್ಲಿ ಮೊಸರು ಮಾಡದೆ ಹೆಪ್ಪೇ ಕಳೆದುಹೋಗಿತ್ತು. ಅಂಗಡಿಯ ಪ್ಯಾಕೆಟ್ಟಿನದ್ದು ಹಾಕೋಣ ಎಂದೆ. ಚಿಕ್ಕಮ್ಮ ಒಪ್ಪಲಿಲ್ಲ. ಪುಟ್ಟ ಸ್ಟೀಲ್ ಬಟ್ಟಲು ಕೈಗೆ ಕೊಟ್ಟು ಪಕ್ಕದ ಮನೆಗೆ ಅಟ್ಟಿದಳು. "ದೀಪ ಹಚ್ಚೋಕೆ ಮುಂಚೆ ಹೋಗಿ ಇಸ್ಕೊಂಡು ಬಾ. ಆಮೇಲೆ ಹೋದ್ರೆ ಅವರು ಹೆಪ್ಪು ಕೊಡಲ್ಲ."